ಐಸ್ ಪೆಟ್ಟಿಗೆಯೊಳಗಿನ ಕೂಸು

ನನ್ನ ತಮ್ಮ ಮುಂಬೈ ರೈಲಿನಿಂದ ಕುಂದಾಪುರದಲ್ಲಿ ಇಳಿದಾಗ ಅವನ ಕೈಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯಿತ್ತು. ಕರೆದುಕೊಂಡು ಬರಲು ಹೋಗಿದ್ದ ನನಗೆ ಅದನ್ನು ಕಂಡೇ ನಾಚಿಕೆಯಾಯಿತು. ನಮ್ಮೂರಿಗೆ ಹೊರಗಿನಿಂದ ಏನು ಬೇಕಾದರೂ ತರಬಹುದು, ಮೀನು ತರುವವರನ್ನು ಮಾತ್ರ ನಾನು ಕಂಡಿರಲಿಲ್ಲ. ಆಟೋದವನು ಪೆಟ್ಟಿಗೆಯನ್ನೂ ತಮ್ಮನ ಮುಖವನ್ನೂ ಒಂದೊಂದು ಸಲ ನೋಡಿ, ನಗು ಬಿಗಿಹಿಡಿದು ಗಾಡಿ ಬಿಟ್ಟ.

ಮನೆಯಲ್ಲಿ ನನ್ನ ಅತ್ತೆಗೆ ಇದು ನಗುವ ವಿಷಯವಾಗಿ ಕಾಣಲಿಲ್ಲ. ಕೋಟೇಶ್ವರದ ಪೇಟೆಯಲ್ಲಿ ಅರ್ಧ ಆಯುಷ್ಯ ಮೀನು ಮಾರಿದವರು ಅವರು.

“ಬೊಂಬಾಯಿಂದ ನಮ್ಮನಿಗೆ ಮೀನ್ ತಂದ್ಯಾ? ಇಲ್ಲಿನ್ ಸಮುದ್ರ ಎಂತ, ಬತ್ತಿ ಹೋಯ್ತಾ?”

“ಇದ್ ತಿಂಬು ಮೀನಲ್ಲ ಅಮ್ಮ. ಸಾಕುದ್,” ಎಂದ ತಮ್ಮ.

“ಸಾಕುಕೆ ಕೋಳಿ ಇಲ್ಯಾ?” ಎನ್ನುತ್ತಲೇ ಅತ್ತೆ ಮುಚ್ಚಳ ತೆಗೆದರು.

ಒಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಒಂದು ಗೇಣುದ್ದದ, ತೊಳೆದಿಟ್ಟ ಅಕ್ಕಿಯ ಬಣ್ಣದ ಪ್ರಾಣಿ. ನಾಲ್ಕು ಪುಟ್ಟ ಕಾಲು, ಅಗಲ ತಲೆ, ಕುತ್ತಿಗೆಯ ಎರಡು ಕಡೆಗೂ ಕೆಂಪು ಕುಚ್ಚು. ಎಲ್ಲಕ್ಕಿಂತ ಮೇಲೆ, ಅದು ನಗುತ್ತಿತ್ತು. ನಮ್ಮನ್ನು ನೋಡಿ ನಕ್ಕಿದ್ದಲ್ಲ, ಅದರ ಬಾಯಿಯೇ ಹಾಗೆ. ಆದರೆ ಇಡೀ ರಾತ್ರಿ ರೈಲಿನಲ್ಲಿ ಪೆಟ್ಟಿಗೆಯೊಳಗೆ ಕೂತು ಬಂದ ಮೇಲೂ ನಗುವ ಮುಖವನ್ನು ನಾನು ಅದೇ ಮೊದಲು ಕಂಡದ್ದು.

ಅತ್ತೆಯ ಹೆಬ್ಬೆರಳು ಅಭ್ಯಾಸಬಲದಿಂದ ಅದರ ಕೆನ್ನೆಯ ಹತ್ತಿರ ಹೋಯಿತು. ಮೀನು ಕೊಳ್ಳುವವರೂ ಮಾರುವವರೂ ಮೊದಲು ಮಾಡುವುದು ಅದನ್ನೇ, ಕಿವಿರು ಎತ್ತಿ ಒಳಗೆ ಕೆಂಪಗಿದೆಯಾ ನೋಡುವುದು. ಅತ್ತೆಯ ಬೆರಳು ಅರ್ಧದಲ್ಲೇ ನಿಂತಿತು.

“ಅಯ್ಯೋ ದೇವ್ರೆ, ಇದ್ರ ಕಿವಿರ್ ಹೊರಗೇ ಇತ್! ಮಾರುಕೆ ಭಾರೀ ಲಾಯ್ಕಿತ್. ಗಿರಾಕಿ ಎತ್ತಿ ಕಾಣುದೇ ಬ್ಯಾಡ.”

ಅದರ ಜಾತಿಯ ಹೆಸರು ಆಕ್ಸೊಲಾಟಲ್ ಎಂದೂ, ಅದು ಮೀನೇ ಅಲ್ಲ, ಕಪ್ಪೆಯ ಕಡೆಯ ನೆಂಟ ಎಂದೂ, ಎಲ್ಲೋ ಮೆಕ್ಸಿಕೋ ದೇಶದ ತಣ್ಣಗಿನ ಕೆರೆಯದ್ದು ಎಂದೂ ತಮ್ಮ ಪಾಠ ಮಾಡಿದ. ಅವನ ಹೊಸ ಬಾಡಿಗೆ ಕೋಣೆಯ ಯಜಮಾನನಿಗೆ ಇಂಥದ್ದೆಲ್ಲ ಆಗುವುದಿಲ್ಲವಂತೆ. ‘ನಿಮ್ಮದು ಮೀನಿನ ಮನೆತನವಲ್ಲವಾ, ನಿಮಗೆ ಇದೆಲ್ಲ ಗೊತ್ತಿರುತ್ತದೆ’ ಎಂದು ನನ್ನ ತಲೆಗೆ ಕಟ್ಟಿ, ನಮ್ಮ ಚಟ್ಲಿ ಸುಕ್ಕವನ್ನು, ಅಂದರೆ ಸಿಗಡಿಯ ಒಣ ಪಲ್ಯವನ್ನು, ಮೂರು ಸಲ ಬಡಿಸಿಕೊಂಡು ಉಂಡು, ವಾಪಸು ರೈಲು ಹತ್ತಿದ.

ಅವನ ಮಾತಿನಲ್ಲಿ ದೊಡ್ಡ ತಪ್ಪಿತ್ತು. ಮೀನಿನ ಬಗ್ಗೆ ನಮ್ಮ ಮನೆಗೆ ಗೊತ್ತಿದ್ದದ್ದೆಲ್ಲ ಅದು ಸತ್ತ ಮೇಲಿನದು. ನನ್ನ ಗಂಡ ಗಂಗೊಳ್ಳಿಯ ಬೋಟಿನಲ್ಲಿ ಹೋಗಿ ಹಿಡಿಯುತ್ತಿದ್ದರು, ಅತ್ತೆ ಮಾರುತ್ತಿದ್ದರು, ನಾನು ಮಸಾಲೆ ಅರೆಯುತ್ತಿದ್ದೆ. ಮೀನನ್ನು ಬದುಕಿಸುವ ಕೆಲಸ ನಮ್ಮ ಮೂರು ಜನರಲ್ಲಿ ಯಾರ ಪಾಲಿಗೂ ಬಂದಿರಲಿಲ್ಲ.

ಅತ್ತೆ ಮಾರುತ್ತಿದ್ದರು ಎಂದೆ. ಆ ಹೊತ್ತಿಗೆ ಅವರು ಮಾರುವುದನ್ನು ಬಿಟ್ಟು ವರ್ಷವಾಗಿತ್ತು. ಮಂಡಿ ಕೆಟ್ಟು, ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ನೆಲದ ಮೇಲೆ ಕೂರದೆ ಮೀನು ಮಾರುವುದು ಹೇಗೆ? ಪೇಟೆಯ ಈ ತುದಿಯಲ್ಲಿ ಕರೆದರೆ ಆ ತುದಿಯ ಗಿರಾಕಿ ತಿರುಗಿ ನೋಡುತ್ತಿದ್ದ ಗಂಟಲು ಅವರದು. ಅಂಥವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗೋಡೆ ನೋಡತೊಡಗಿದರು. ನಾನು ಜಗಲಿಯಲ್ಲಿ ರವಕೆ ಹೊಲಿಯುವವಳು. ದಿನವಿಡೀ ನನ್ನ ಮಿಷನ್ನಿನ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೊಂದು ಸದ್ದಿಲ್ಲ. ‘ಉಣ್ತ್ರ್ಯಾ ಅತ್ತೆ’ ಎಂದರೆ ‘ಹೂಂ’, ‘ಸಾಕಾ’ ಎಂದರೆ ‘ಹೂಂ’. ಜಗಳಕ್ಕೂ ಬರುತ್ತಿರಲಿಲ್ಲ. ಅತ್ತೆ ಜಗಳಕ್ಕೆ ಬರುತ್ತಿಲ್ಲ ಎಂದು ಚಿಂತೆ ಮಾಡಿದ ಸೊಸೆ ಊರಿಗೆ ನಾನೊಬ್ಬಳೇ ಇರಬೇಕು.

ಈ ನಗುವ ಪ್ರಾಣಿ ಬಂದ ನಾಲ್ಕನೆಯ ದಿನಕ್ಕೆ ಅತ್ತೆಯ ಕುರ್ಚಿ ಗೋಡೆಯಿಂದ ತಿರುಗಿ, ಅದಕ್ಕೆಂದು ಕೊಂಡು ತಂದ ಗಾಜಿನ ತೊಟ್ಟಿಯ ಎದುರು ಬಂತು. ಅವರು ಅದನ್ನು ಕೂಸು ಎಂದು ಕರೆಯತೊಡಗಿದರು. ಕೂಸಿಗೆ ಪೇಟೆಯ ಕತೆಯೆಲ್ಲ ಹೇಳಿದರು. ಯಾವ ಗಿರಾಕಿ ಬಂಗುಡೆ ಮೂಸಿ ಮೂಸಿ ಕೊಳ್ಳದೆ ಹೋಗುತ್ತಿದ್ದಳು, ಯಾರು ಬೈಗೆ ಮೀನಿಗೆ ಚೌಕಾಸಿ ಮಾಡಿ ಚೀಲ ತರಲು ಮರೆಯುತ್ತಿದ್ದರು, ಎಲ್ಲವೂ. ಕೂಸು ಕೈಕಾಲು ಆಡಿಸದೆ, ನಗುತ್ತ, ಕೇಳುತ್ತಿತ್ತು. ಅಷ್ಟು ಸಹನೆಯ ಕೇಳುಗರು ಅತ್ತೆಗೆ ಮದುವೆಯಾದಂದಿನಿಂದ ಸಿಕ್ಕಿರಲಾರರು.

ಮನೆಯ ನಿಯಮಗಳು ಬದಲಾದವು. ಮೆಟ್ಟುಕತ್ತಿ ಹಾಕಿ ಮೀನು ಕೊಯ್ಯುವಾಗ ತೊಟ್ಟಿಗೆ ಬೈರಾಸು ಬಟ್ಟೆ ಮುಚ್ಚಬೇಕು.

“ಅದ್ರ ಎದ್ರಿಗೆ ಕೊಯ್ಯುದಾ? ಮನ್ಸತ್ವ ಬ್ಯಾಡ್ದಾ?”

“ಅದ್ ಮೀನಲ್ಲ ಅತ್ತೆ, ಕಪ್ಪೆ ಜಾತಿ.”

“ನೆಂಟ್ರಲ್ದಾ? ನಿನ್ ತಮ್ಮನ್ನ್ ಯಾರಾದ್ರೂ ಕೊಯ್ದ್ರೆ ನಾ ಕಾಂಬುಕಾತ್ತಾ?”

ಹುರಿಯುವ ವಾಸನೆ ಹೋಗಲಿ ಎಂದು ಫ್ಯಾನು ಹಾಕಬೇಕು. ಚಟ್ಲಿ ತಂದರೆ ಅದರಲ್ಲಿ ದಪ್ಪನೆಯವು ಕೂಸಿಗೆ, ಸಣ್ಣವು ಸಮುದ್ರದಿಂದ ಬಂದ ಮಗನಿಗೆ. ತೆಂಗಿನ ಬುಡದಲ್ಲಿ ಎರೆಹುಳ ಅಗೆಯುವ ಕೆಲಸ ನನ್ನದು. ರವಕೆಯ ಅಳತೆ ಕೊಡಲು ಬಂದವರ ಎದುರು ನಾನು ಉಗುರಿನ ಮಣ್ಣು ಬಚ್ಚಿಡುತ್ತ ಟೇಪು ಹಿಡಿಯುತ್ತಿದ್ದೆ. ಸಿಟ್ಟು ಬರುತ್ತಿತ್ತು, ಆದರೆ ಅತ್ತೆ ಮತ್ತೆ ನನ್ನ ಸಾರಿಗೆ ಹುಳಿ ಹೆಚ್ಚಾಯಿತು ಎನ್ನತೊಡಗಿದ್ದರು. ಕೇಳಿ ನನಗೆ ಒಳಗೊಳಗೆ ಖುಷಿ.

ಆಮೇಲೆ ಏಪ್ರಿಲ್ ಬಂತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಹೊರಗೆ ಕೆಂಪು ಧೂಳು, ಒಳಗೆ ಬೆವರು. ಒಂದು ಬೆಳಿಗ್ಗೆ ಕೂಸು ಹುಳ ತಿನ್ನಲಿಲ್ಲ. ಮಧ್ಯಾಹ್ನ ಚಟ್ಲಿಯನ್ನೂ ತಿನ್ನಲಿಲ್ಲ. ಕುಚ್ಚುಗಳು ಮುಂದಕ್ಕೆ ಸುರುಟಿ, ಕೆಂಪು ಬಿಳಿಚಿಕೊಂಡಿತ್ತು. ಮಾರನೆಯ ದಿನ ನೀರಿನ ಮೇಲೆ ಬಂದು ಸುಮ್ಮನೆ ತೇಲತೊಡಗಿತು. ಮುಖದಲ್ಲಿ ಮಾತ್ರ ಅದೇ ನಗು. ಕಾಯಿಲೆ ಬಿದ್ದವರು ನಗುತ್ತಿದ್ದರೆ ನೋಡುವವರಿಗೆ ಎಷ್ಟು ಹೆದರಿಕೆಯಾಗುತ್ತದೆ ಎನ್ನುವುದು ನನಗೆ ಅವತ್ತು ಗೊತ್ತಾಯಿತು.

ಅತ್ತೆ ಕನ್ನಡಕ ಹಾಕಿಕೊಂಡು ಬಂದು, ಬುಟ್ಟಿಯ ಮೀನು ನೋಡುವ ಹಾಗೆ ಕಣ್ಣು ನೋಡಿದರು, ಕಿವಿರು ನೋಡಿದರು, ಹೊಟ್ಟೆ ನೋಡಿದರು.

“ನಿನ್ನೆ ಮಧ್ಯಾಹ್ನದ್ ಮಾಲ್ ಕಂಡಂಗ್ ಇತ್,” ಎಂದರು.

ಹೇಳಿದ ಮೇಲೆ ತಾವು ಹೇಳಿದ್ದು ಏನೆಂದು ಅವರಿಗೇ ಕೇಳಿಸಿತು. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಆ ದಿನ ಅವರು ಊಟಕ್ಕೆ ಏಳಲಿಲ್ಲ. ಈ ಪ್ರಾಣಿ ಹೋದರೆ ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗುತ್ತದೆ, ಆಮೇಲೆ ಅದನ್ನು ತಿರುಗಿಸಲು ನನ್ನ ಕೈಯಲ್ಲಿ ಆಗುವುದಿಲ್ಲ. ಅದೊಂದೇ ಯೋಚನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸುದ್ದಿ ಕೇಳಿ ಪೇಟೆಯಿಂದ ಅತ್ತೆಯ ಇಬ್ಬರು ಹಳೇ ಗೆಳತಿಯರು ಖಾಲಿ ಬುಟ್ಟಿಯೊಂದಿಗೆ ಬಂದರು. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ. ದಪ್ಪನೆಯವರು ಕೂಸಿನ ಹೊಟ್ಟೆ ನೋಡಿ, “ಇದ್ ಗ್ಯಾಸ್. ಜೀರ್ಗಿ ಕಷಾಯ ಕೊಡಿ” ಎಂದರು. ತೆಳ್ಳಗಿನವರು, “ಗ್ಯಾಸೂ ಅಲ್ಲ ಎಂತದೂ ಅಲ್ಲ. ದೃಷ್ಟಿ ಬಿದ್ದಿತ್. ಇಷ್ಟ್ ಚೆಂದ ನಗಾಡಿರೆ ದೃಷ್ಟಿ ಬೀಳ್ದೆ ಇರತ್ತಾ?” ಎಂದರು. ಕಷಾಯ ಕುಡಿಸುವ ದಾರಿ ಯಾರಿಗೂ ತೋಚದ್ದರಿಂದ ದೃಷ್ಟಿ ಗೆದ್ದಿತು. ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ತೊಟ್ಟಿಗೆ ಸುತ್ತು ಬಂದು ಒಲೆಗೆ ಹಾಕಿದರು. ದೃಷ್ಟಿ ಬಿದ್ದಿದ್ದರೆ ಮೆಣಸು ಸುಟ್ಟರೂ ಘಾಟು ಬರುವುದಿಲ್ಲ ಎಂದು ಲೆಕ್ಕ. ನಮ್ಮ ಮನೆಯಲ್ಲಿ ಬಂದ ಘಾಟಿಗೆ ಮೂರು ಹೆಂಗಸರೂ ಕೆಮ್ಮುತ್ತ ಅಂಗಳಕ್ಕೆ ಓಡಿದರು, ರವಕೆ ಒಯ್ಯಲು ಬಂದವಳು ಗೇಟಿನಿಂದಲೇ ತಿರುಗಿ ಹೋದಳು, ನಾನು ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತ ಹೊರಗೆ ಬಂದೆ. ಒಳಗೆ ಉಳಿದದ್ದು ಕೂಸೊಂದೇ. ಅದಕ್ಕೆ ದೃಷ್ಟಿಯಲ್ಲ ಎಂಬುದಂತೂ ಖಚಿತವಾಯಿತು.

ಪಕ್ಕದ ಮನೆಯ ದನಕ್ಕೆ ಇಂಜೆಕ್ಷನ್ ಕೊಡಲು ಬಂದಿದ್ದ ಡಾಕ್ಟರನ್ನು ಬೇಲಿಯ ಮೇಲಿಂದ ಕರೆದೆ. ಪಾಪ, ಒಳ್ಳೆಯ ಮನುಷ್ಯ. ತೊಟ್ಟಿಯ ಎದುರು ಬಗ್ಗಿ ನಿಂತು ಬಹಳ ಹೊತ್ತು ನೋಡಿದರು. ಕೂಸು ಅವರನ್ನು ನೋಡಿ ನಕ್ಕಿತು. ಅವರೂ ಮರ್ಯಾದೆಗೆ ನಕ್ಕರು.

“ನಾ ಓದಿದ್ದ್ ದನ, ಎಮ್ಮಿ, ನಾಯಿ. ಇದ್ ನಮ್ ಪುಸ್ತಕದಾಗೆ ಇರ್ಲಿಲ್ಲ ಅಮ್ಮ. ಆರೆ ಈ ಸೆಕಿಗೆ ನಂಗೇ ಊಟ ಸೇರ್ತಿಲ್ಲ. ತಂಪ್ ಮಾಡಿ ಕಾಣಿ.”

ತಮ್ಮನಿಗೆ ಫೋನು ಹಚ್ಚಿ ಬೈದೆ. ಬೈದು ಮುಗಿದ ಮೇಲೆ ಅವನು, “ನೀರ್ ಬಿಸಿ ಆಯ್ತ್ ಅಕ್ಕ. ಒಂದ್ ಡಬ್ಬಿಗೆ ತಣ್ಣೀರ್ ಹಾಕಿ, ಅದನ್ನ್ ಅದ್ರಾಗೆ ಬಿಟ್ಟ್, ಫ್ರಿಜ್ಜಿನೊಳ್ಗೆ ಇಡ್. ಎಲ್ಲರೂ ಹಂಗೇ ಮಾಡುದ್” ಎಂದ.

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಕುರ್ಚಿಯಿಂದ ಎದ್ದೇ ನಿಂತರು.

“ಫ್ರಿಜ್ಜಿನೊಳ್ಗಾ? ಜೀವ ಇಪ್ಪ ಕೂಸನ್ನಾ? ತಂಡಿ ಪೆಟ್ಟಿಗಿಗೆ ಹಾಕುದ್ ಸತ್ ಮೀನನ್ನ್. ನಿನ್ ತಮ್ಮಂಗೆ ಮಂಡೆ ಸಮ ಇತ್ತಾ ಹೆಣೆ?”

ಹುಡುಗಿಯನ್ನು ಕರೆಯುವ ಹಾಗೆ ಅತ್ತೆ ನನ್ನನ್ನು ‘ಹೆಣೆ’ ಎನ್ನುತ್ತಿದ್ದರು. ಒಪ್ಪಿಸಲು ನಾನು ಪಟ್ಟ ಪಾಡು ಹೇಳಬಾರದು. ಕೊನೆಗೆ ಫ್ರಿಜ್ಜಿನ ಬಾಗಿಲು ತೆಗೆದು, ಕೆಳಗಿನ ಡಬ್ಬದಲ್ಲಿದ್ದ ಬಸಳೆಯನ್ನು ತೋರಿಸಿದೆ. “ಇದ್ ಸತ್ತಿತ್ತಾ ಅತ್ತೆ? ನೆಟ್ರೆ ಈಗ್ಳೂ ಚಿಗುರತ್ತ್.” ಅತ್ತೆ ಬಸಳೆಯ ದಂಟು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಸಳೆಯ ಜಾಮೀನಿನ ಮೇಲೆ ಒಪ್ಪಿಗೆ ಸಿಕ್ಕಿತು. ಆದರೆ ಒಂದು ಷರತ್ತು, ಕೂಸು ಇರುವ ಫ್ರಿಜ್ಜಿನಲ್ಲಿ ಒಂದೇ ಒಂದು ಸತ್ತ ಮೀನು ಇರಬಾರದು. ಅವತ್ತು ಗಂಡ ಸಮುದ್ರದಿಂದ ತಂದಿಟ್ಟು ಹೋಗಿದ್ದ ಬಂಗುಡೆ, ಕಾಣೆ, ಏಡಿ ಎಲ್ಲ ಅಕ್ಕಪಕ್ಕದ ಮನೆಗಳಿಗೆ ಹೋಯಿತು. ನಮ್ಮ ಮನೆಯಲ್ಲಿ ಹಬ್ಬವೇನಾದರೂ ಇದೆಯಾ ಎಂದು ಒಬ್ಬರು ಕೇಳಿದರು. ಇಲ್ಲ, ಕೂಸಿಗೆ ಹುಷಾರಿಲ್ಲ ಎಂದೆ. ಅವರು ನನ್ನ ಹೊಟ್ಟೆಯ ಕಡೆ ನೋಡಿ, ಏನೂ ಅರ್ಥವಾಗದೆ, ಕಾಣೆ ಮೀನು ತೆಗೆದುಕೊಂಡರು.

ಸ್ಟೀಲಿನ ಡಬ್ಬಿಯಲ್ಲಿ ಕೂಸು ಫ್ರಿಜ್ಜು ಸೇರಿತು. ಅತ್ತೆಯ ಕುರ್ಚಿ ಫ್ರಿಜ್ಜಿನ ಎದುರು ಬಂತು. ಅವರು ಮೊದಲು ಬಾಗಿಲಿಗೆ ಎರಡು ಸಲ ಬೆರಳಿನಿಂದ ಬಡಿಯುತ್ತಿದ್ದರು, ಆಮೇಲೆ ತೆಗೆದು ಇಣುಕುತ್ತಿದ್ದರು. ಗಳಿಗೆಗೊಮ್ಮೆ ತೆಗೆದರೆ ತಂಪು ಎಲ್ಲಿ ನಿಲ್ಲಬೇಕು? “ಬಾಗ್ಲ್ ಹಾಕಿ ಅತ್ತೆ” ಎಂದು ನಾನು ಮಿಷನ್ನಿನ ಮುಂದಿನಿಂದ ಕೂಗುವುದು, “ಹೆದ್ರ್ತ್ ಪಾಪದ್ದ್, ಒಳ್ಗೆ ಲೈಟ್ ಇಲ್ಲ” ಎಂದು ಅವರು ವಾಪಸು ಕೂಗುವುದು. ಬಾಗಿಲು ಹಾಕಿದಾಗ ಲೈಟು ಆರುತ್ತದೆ ಎನ್ನುವುದನ್ನು ಅವರು ಆವತ್ತೇ ಕಂಡುಹಿಡಿದದ್ದು. ಅದು ಫ್ರಿಜ್ಜು ಮಾಡಿದವರ ದುಷ್ಟತನ ಎಂದು ಅವರ ತೀರ್ಮಾನ.

ಎರಡನೆಯ ದಿನ ಕುಚ್ಚು ಸ್ವಲ್ಪ ಬಿಡಿಸಿಕೊಂಡ ಹಾಗೆ ಕಂಡಿತು. ಮೂರನೆಯ ದಿನ ಮಧ್ಯಾಹ್ನ ಮೊದಲ ಗುಡುಗು ಮಳೆ ಬಂತು. ಬ್ರಹ್ಮಾವರದ ಕಡೆಯಿಂದ ಕಪ್ಪಗೆ ಎದ್ದು ಬಂದು, ಗಾಳಿ ಬೀಸಿ, ಎಲ್ಲೋ ಕಂಬ ಬಿದ್ದು ಕರೆಂಟು ಹೋಯಿತು. ಮಳೆ ಅರ್ಧ ಗಂಟೆಗೆ ನಿಂತಿತು, ಸೆಕೆ ಎರಡರಷ್ಟಾಯಿತು. ಲೈನಿನವರಿಗೆ ಫೋನು ಮಾಡಿದರೆ ನಾಳೆ ಎಂದರು. ಫ್ರಿಜ್ಜು ಮಾತಿಲ್ಲದೆ ಬಿಸಿಯಾಗತೊಡಗಿತು. ಕೂಸು ಮತ್ತೆ ತೇಲಿತು.

“ಐಸ್ ತರ್ತೆ ಅತ್ತೆ. ಬೇರೆ ದಾರಿ ಇಲ್ಲ,” ಎಂದೆ.

“ಬ್ಯಾಡ.”

“ಡಬ್ಬಿಯ ಹೊರ್ಗಿಂದ ಇಡುದ್. ಮೈಗೆ ತಾಗ್ತಿಲ್ಲ.”

“ಬ್ಯಾಡ ಅಂದ್ನಲ್ದಾ?”

ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಹುಳ ಅಗೆದದ್ದು, ಘಾಟು ಕುಡಿದದ್ದು, ಕಾಣೆ ಮೀನು ದಾನ ಮಾಡಿದ್ದು ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಐಸ್ ಎಂದರೆ ಭೂತವಾ, ಜೀವಮಾನವಿಡೀ ಐಸಿನಲ್ಲಿ ಕೈಯಿಟ್ಟವರು ನೀವು, ಈ ಹಟದಿಂದ ಅದು ಸತ್ತರೆ ಆಮೇಲೆ ಯಾರೆದುರು ಕೂತು ಅಳುತ್ತೀರಿ ಎಂದು ಕೂಗಿಬಿಟ್ಟೆ.

ಅತ್ತೆ ತಿರುಗಿ ಕೂಗುತ್ತಾರೆಂದುಕೊಂಡಿದ್ದೆ. ಅವರು ಫ್ರಿಜ್ಜಿನ ಬಾಗಿಲಿನ ಮೇಲೆ ಕೈಯಿಟ್ಟು ನಿಧಾನ ಹೇಳಿದರು.

“ನಿನ್ ಮಾವ ಹೋದಾಗ ನಿನ್ ಗಂಡ ಬೋಟಿನಾಗ್ ಇದ್ದಿದ್ದ. ಆಗ ಫೋನ್ ಎಲ್ಲಿತ್ತ್? ಮಗ ಬಪ್ಪಲ್ಲಿವರಿಗೆ ಅವ್ರ್ ಹೆಣ ಇಡ್ಕಲ್ದಾ. ಪೇಟಿಂದ ಐಸ್ ತಂದ್ರ್. ಹ್ಯಾಂಗ್ ಹಾಕುದ್ ಅಂತ ಗಂಡಸ್ರಿಗೆ ಯಾರಿಗೂ ಗೊತ್ತಿಲ್ಲ. ನಂಗ್ ಗೊತ್ತಿತ್ತಲ್ದಾ, ದಿನಾ ಮಾಡುದ್. ನಾನೇ ಹಾಕ್ದೆ. ಕೆಳ್ಗೆ, ಸುತ್ತ, ಮೇಲೆ. ಮೀನಿಗ್ ಹಾಕ್ದಂಗೆ. ಸೂತಕ ಕಳ್ದ್ ಪೇಟಿಗೆ ಹೋಯ್ ಐಸ್ ಮುಟ್ಟುಕಾಯ್ಲಿಲ್ಲ. ಆರೆ ಮುಟ್ಟದೇ ಉಂಬುದ್ ಎಂತ?”

ಮಾವ ತೀರಿಹೋದದ್ದು ನಾನು ಈ ಮನೆಗೆ ಬರುವ ಮೊದಲು. ಗೋಡೆಯ ಮೇಲಿನ ಫೋಟೋ ಬಿಟ್ಟು ನನಗೆ ಅವರ ಬಗ್ಗೆ ಏನೂ ಗೊತ್ತಿರಲಿಲ್ಲ. ಇದನ್ನು ಗಂಡನೂ ಎಂದೂ ಹೇಳಿರಲಿಲ್ಲ, ಬಹುಶಃ ಅವರಿಗೂ ಗೊತ್ತಿಲ್ಲ. ನಾನು ಕೂಗಿದ ಮಾತುಗಳನ್ನು ವಾಪಸು ನುಂಗಲು ಆಗಿದ್ದರೆ ಎಂದುಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೇ ಡಬ್ಬಿ ಹೊರಗೆ ತೆಗೆದರು. ಒಳಗೆ ಇಣುಕಿ ನೋಡಿದರು. ತೇಲುತ್ತಿದ್ದ ಕೂಸು ಒಂದು ಕಾಲು ಆಡಿಸಿತು.

“ಬದ್ಕಿತ್ತ್,” ಎಂದರು. ಆಮೇಲೆ, “ಆಟೋಕ್ಕೆ ಫೋನ್ ಮಾಡ್. ನಾನೂ ಬತ್ತೆ. ನಿಂಗೆ ಒಳ್ಳೆ ಐಸ್ ಯಾವ್ದ್ ಅಂತ ಗೊತ್ತಾತಿಲ್ಲ.”

ಪೇಟೆಯಲ್ಲಿ ತೆಳ್ಳಗಿನ ಗೆಳತಿ ತಮ್ಮ ಬಂಗುಡೆಯ ಮೇಲಿನ ಐಸನ್ನೇ ಕೊಡಲು ಬಂದರು. ಮೀನು ಮುಟ್ಟಿದ ಐಸ್ ಬೇಡವೆಂದು ಅತ್ತೆ ಹಟ ಹಿಡಿದು, ಗಾಡಿಯಿಂದ ಇಳಿಸದ ಹೊಸ ಐಸ್ ಗಡ್ಡೆಯನ್ನೇ ಒಡೆಸಿದರು. ಒಡೆಯುವವನಿಗೆ ಸಣ್ಣ ಮಾಡು, ಇನ್ನೂ ಸಣ್ಣ ಮಾಡು ಎಂದು ಪೇಟೆಗೆಲ್ಲ ಕೇಳುವ ಹಾಗೆ ಕೂಗಿದರು. ಅವನು, “ಯಾರ್ ಮನಿ ಮದಿ ಊಟ ಅಮ್ಮ?” ಎಂದ. “ಕೂಸಿಗೆ ಹುಷಾರಿಲ್ಲ,” ಎಂದರು. ವಿವರಿಸಿ ಹೇಳುವ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ.

ತಮ್ಮ ಮುಂಬೈಯಿಂದ ತಂದಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಅತ್ತೆ ಕೆಳಗೊಂದು ಪದರ ಐಸ್ ಹಾಕಿ ಅಂಗೈಯಲ್ಲಿ ಸಮ ಮಾಡಿದರು, ಡಬ್ಬಿ ಇಟ್ಟರು, ಸುತ್ತ ತುಂಬಿ ಬೆರಳಲ್ಲಿ ಒತ್ತಿದರು. ಎಷ್ಟು ವರ್ಷದ ಕೈ, ನೋಡುತ್ತ ನಿಂತುಬಿಟ್ಟೆ. ಉಳಿದ ಐಸನ್ನು ಡಬ್ಬಿಯ ಮುಚ್ಚಳದ ಮೇಲೆ ಹಾಕಲು ನಾನು ಬಗ್ಗಿದೆ. ಅವರು ನನ್ನ ಕೈಗೆ ಫಟ್ಟೆಂದು ಒಂದು ಕೊಟ್ಟರು.

“ಮೇಲ್ ಹಾಕ್ಬೇಡ! ಮೇಲ್ ಹಾಕಿರೆ ಮುಗೀತ್.”

ಮುಚ್ಚಳವನ್ನೂ ತೆಗೆದಿಟ್ಟರು. ಹೀಗೆ ಐಸಿನ ನಡುವೆ, ತೆರೆದ ಡಬ್ಬಿಯಲ್ಲಿ, ಕೂಸು ಮನೆಯ ಮಾಡು ನೋಡುತ್ತ ಮಲಗಿತು. ಅತ್ತೆ ಬಿಸಿ ಗಾಳಿ ತಾಗದಿರಲೆಂದು ಬೀಸಣಿಗೆ ಹಿಡಿದು ಕೂತರು. ಐಸ್ ಕರಗಿದ ಹಾಗೆ ನಾನು ಮತ್ತೆ ತುಂಬಿದೆ. ಎರಡನೆಯ ಸಲ ತರಲು ಹೋದಾಗ ಆಟೋದವನು, ಮೂರನೆಯ ಸಲಕ್ಕೆ ಐಸ್ ಒಡೆಯುವವನು, ಹೇಗಿದೆ ಕೂಸು ಎಂದು ಕೇಳಿದರು. ಮಾರನೆಯ ದಿನ ಕರೆಂಟು ಬಂದ ಮೇಲೂ ಅತ್ತೆ ಅದನ್ನು ಫ್ರಿಜ್ಜಿಗೆ ಇಡಲು ಬಿಡಲಿಲ್ಲ. ಅಲ್ಲಿ ಲೈಟು ಆರುತ್ತದಂತೆ.

ಅದು ಮೊದಲು ಮುಳುಗಿ ತಳ ಸೇರಿತು. ಆಮೇಲೆ ಕುಚ್ಚು ಹಿಂದಕ್ಕೆ ಬಿತ್ತು. ಬಣ್ಣ ಬಂತು, ಬೆಳಗಿನ ಮೀನಿನ ಬಣ್ಣ. ಅತ್ತೆ ಒಂದು ಚಟ್ಲಿ ಸುಲಿದು, ಚಿಕ್ಕ ತುಂಡು ಮಾಡಿ, ಎರಡು ಬೆರಳಲ್ಲಿ ಹಿಡಿದು ನೀರಿಗೆ ಇಳಿಸಿದರು. ಕೂಸು ಸುಮ್ಮನಿತ್ತು. ಆಮೇಲೆ ತಲೆ ಎತ್ತಿ ಗಬಕ್ಕನೆ ಚಟ್ಲಿಯನ್ನೂ ಅತ್ತೆಯ ಬೆರಳ ತುದಿಯನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಿತು.

ಅತ್ತೆ ಬೆರಳನ್ನು ಹಿಂದಕ್ಕೆ ಎಳೆಯಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಐಸಿಂದ ಒಂದಾರೂ ಎದ್ಕಂಡ್ ಬಂತ್ ಕಾಣ್ ಹೆಣೆ,” ಎಂದರು.